ಅಂಗಳದ ಹಾದಿ ಮತ್ತು ನೀರಿನ ಪಾಲು



ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಹಳೆಯ ಮನೆಗಳ ಮುಂದೆ, ಬೀದಿಯಿಂದ ಹೊಸ್ತಿಲಿನವರೆಗೆ ಹತ್ತಿಪ್ಪತ್ತು ಹೆಜ್ಜೆಗಳ ಒಂದು ಕಲ್ಲುಹಾಸಿನ ಹಾದಿ ಇರುತ್ತದೆ. ಎರಡು ಮೂರು ತಲೆಮಾರುಗಳ ಕಾಲ್ತುಳಿತಕ್ಕೆ ಕಲ್ಲಿನ ನಡು ಸವೆದಿರುತ್ತದೆ. ಒಂದು ಕಲ್ಲು ಕುಸಿದು ಇನ್ನೊಂದು ತಲೆ ಎತ್ತಿರುತ್ತದೆ. ಮಳೆಗಾಲದಲ್ಲಿ ತಗ್ಗಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಅಂತಹ ಹಾದಿಯನ್ನು ಬದಲಿಸಬೇಕೆಂಬ ಮಾತು ಮನೆಯಲ್ಲಿ ಬರುವುದು ಸಹಜ.

ಮಲೆಸೀಮೆಯ ಕೇಳುಗರಿಗೆ ಬಯಲಿನ ಮೂರು ತಾಲ್ಲೂಕುಗಳ ಅಂಗಳದ ಮಾತು ಏಕೆಂದು ಅನ್ನಿಸಬಹುದು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದ ಬಳಿ ಸುಮಾರು 52 ಮೀಟರ್ ಆಳಕ್ಕೆ ಧುಮುಕಿ, ಮುಂದೆ ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮಲೆಯ ಮಳೆಯೇ ಆ ಸೀಮೆಯ ಹೊಳೆಯನ್ನು ತುಂಬಿಸುತ್ತದೆ. ಆದರೆ ಅಲ್ಲಿಯ ಮನೆಯಂಗಳಕ್ಕೆ ಬೀಳುವ ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾದರೆ, ಗೋಕಾಕದ ಆಸುಪಾಸಿನಲ್ಲಿ ಸುಮಾರು 550 ಮಿಲಿಮೀಟರ್ ಮಾತ್ರ. ಆದುದರಿಂದ ಅಲ್ಲಿ ಅಂಗಳದ ಒಂದೊಂದು ಹನಿಗೂ ಲೆಕ್ಕವಿದೆ.

ಆ ಭಾಗದ ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಮದುವೆ ನಿಶ್ಚಯವಾಗಿದೆ. ಮೊಮ್ಮಗ ಹೇಳುತ್ತಾನೆ: "ಆಯಿ, ಈ ಫರಸಿ ಎಲ್ಲಾ ಕಿತ್ತ ಒಗದು ಅಂಗಳತುಂಬ ಕಾಂಕ್ರೀಟ್ ಹಾಕಿಸಿಬಿಡೋಣು. ನೀ ಎಡವಿ ಬೀಳೂದೂ ತಪ್ಪತೈತಿ." ಅಜ್ಜಿಯ ಉತ್ತರ: "ಹಾದಿ ಮಾಡಸು ತಮ್ಮಾ, ಬ್ಯಾಡ ಅನ್ನೂದಿಲ್ಲ. ಆದ್ರ ಅಂಗಳ ಎಲ್ಲಾ ಮುಚ್ಚಿದ್ರ ಮಳಿ ನೀರ ಎಲ್ಲಿಗಿ ಹೋಗಬೇಕು?"

ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಎಡವಿ ಬಿದ್ದ ವೃದ್ಧೆಯ ಸೊಂಟದ ಮೂಳೆ ಮುರಿದರೆ ಅವಳು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ; ಪರಿಸರದ ಹೆಸರಿನಲ್ಲಿ ಕೆಟ್ಟ ಹಾದಿಯನ್ನು ಹಾಗೆಯೇ ಉಳಿಸಿಕೊಳ್ಳಿರೆಂದು ಯಾರೂ ಹೇಳಬಾರದು. ಅಜ್ಜಿಯ ಪ್ರಶ್ನೆಗೂ ಲೆಕ್ಕದ ಆಧಾರವಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ಅಂಗಳವೆಂದರೆ ಸುಮಾರು 56 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಗುಡುಗು ಮಳೆ ಸುರಿದರೆ ಅಂಗಳಕ್ಕೆ ಸುಮಾರು 2,800 ಲೀಟರ್, ಎಂದರೆ ಹದಿನಾಲ್ಕು ಲೀಟರಿನ ಕೊಡದಲ್ಲಿ 200 ಕೊಡ ನೀರು ಬೀಳುತ್ತದೆ. ವರ್ಷದ ಲೆಕ್ಕದಲ್ಲಿ ಅದು 30 ಸಾವಿರ ಲೀಟರ್ ದಾಟುತ್ತದೆ. ಇದೆಲ್ಲವೂ ಅಂತರ್ಜಲವಾಗುವುದಿಲ್ಲ, ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಗಿಡಮರಗಳು ಕುಡಿಯುತ್ತವೆ. ಆದರೆ ಅಂಗಳವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಬಹುಪಾಲು ನೀರು ಕೆಲವೇ ನಿಮಿಷಗಳಲ್ಲಿ ಬೀದಿಯ ಗಟಾರು ಸೇರುತ್ತದೆ. ಇಪ್ಪತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾದಿಗೆ ಬೇಕಾದುದು 80 ಚದರ ಅಡಿ ಮಾತ್ರ. ಅಷ್ಟಕ್ಕಾಗಿ 600 ಚದರ ಅಡಿಯನ್ನು ಮುಚ್ಚಬೇಕಾಗಿಲ್ಲ.

ಕೆಟ್ಟಿರುವುದು ಯಾವುದು?

ಹಳೆಯ ಹಾದಿಯನ್ನು ಕೀಳುವ ಮೊದಲು ಕಲ್ಲು ಸವೆದಿದೆಯೋ ಅಥವಾ ನೆಲ ಕುಸಿದಿದೆಯೋ ಎಂಬುದನ್ನು ಪರೀಕ್ಷಿಸಬೇಕು. ಹೆಚ್ಚಿನ ಕಡೆ ಕಲ್ಲು ಗಟ್ಟಿಯಾಗಿಯೇ ಇರುತ್ತದೆ; ಕೆಳಗಿನ ಹಾಸು ಕೊಚ್ಚಿಹೋಗಿರುತ್ತದೆ. ಮಾಳಿಗೆಯ ಅಥವಾ ತಗಡಿನ ನೀರು ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಸುರಿದರೆ ಅಲ್ಲಿನ ಮಣ್ಣು ತೊಳೆದುಹೋಗಿ ಕಲ್ಲು ವಾಲುತ್ತದೆ. ಅಂತಹ ಕಡೆ ಸುರಿನೀರಿಗೆ ಮೊದಲು ದಾರಿ ಮಾಡದೆ ಹೊಸ ಕಲ್ಲು ಹಾಕಿದರೂ ಅದು ಬಹುಕಾಲ ನಿಲ್ಲುವುದಿಲ್ಲ. ಒಂದು ಮೈ ಮಾತ್ರ ಸವೆದ ದಪ್ಪ ಕಲ್ಲನ್ನು ಮಗುಚಿ ಹಾಕಿದರೆ ಇನ್ನೊಂದು ಮೈ ಮತ್ತೊಂದು ತಲೆಮಾರಿಗೆ ಒದಗುತ್ತದೆ.

ನೆಲದ ಗುಣವೂ ಊರಿನಿಂದ ಊರಿಗೆ ಬೇರೆ. ಗೋಕಾಕದ ಗುಡ್ಡಗಳಲ್ಲಿ ಮರಳುಗಲ್ಲು ಮತ್ತು ಅದು ಗಟ್ಟಿಗೊಂಡು ಆದ ಕ್ವಾರ್ಟ್‌ಜೈಟ್ ಬಂಡೆಗಳಿವೆ; ಅವುಗಳ ಮೇಲಿನ ಮಣ್ಣು ತೆಳುವಾದದ್ದು, ಮರಳು ಮಿಶ್ರಿತವಾದದ್ದು. ಅಲ್ಲಿ ನೀರು ಬೇಗ ಇಂಗುತ್ತದೆ, ಹಾದಿಯೂ ಸುಲಭವಾಗಿ ನಿಲ್ಲುತ್ತದೆ. ಹಿಂದೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದ ಮೂಡಲಗಿಯ ಎರೆಮಣ್ಣಿನ ನೆಲದ ಕಥೆ ಬೇರೆ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಅಂಚಿನ ಮಣ್ಣು ಬೇಸಗೆಯಲ್ಲಿ ಒಣಗಿ ಇಳಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಏಳುತ್ತದೆ. ನಡುವಿನ ಮಣ್ಣು ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಈ ಎಳೆದಾಟದಲ್ಲಿ ಕಾಂಕ್ರೀಟ್ ಸೀಳುತ್ತದೆ. ಗವಂಡಿಯು ಸಿಮೆಂಟು ಕಡಿಮೆ ಹಾಕಿದನೆಂದು ದೂರುವವರು ಕೆಳಗಿನ ನೆಲವನ್ನು ನೋಡುವುದಿಲ್ಲ. ಬಿಡಿ ಕಲ್ಲಿನ ಹಾಸಾದರೋ ನೆಲದೊಡನೆ ಸ್ವಲ್ಪ ಏರಿಳಿಯುತ್ತದೆ. ಕೆಟ್ಟ ಎರಡು ಕಲ್ಲನ್ನು ಮಾತ್ರ ಎತ್ತಿ ಸರಿಪಡಿಸಬಹುದು.

ಹುಕ್ಕೇರಿಯ ಕಡೆ ಎರೆಯೂ ಉಂಟು, ಮಸಾರಿಯೂ ಉಂಟು. ಒಂದೇ ಊರಿನ ಎರಡು ಓಣಿಗಳಲ್ಲಿ ನೆಲ ಬೇರೆಯಾಗಿರಬಹುದು. ಕಾಲುವೆ ನೀರಾವರಿಯಿಂದ ಸವಳು, ಜವಳು ಕಂಡ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಇಟ್ಟಿಗೆಯ ಹಾಸಿನೊಳಕ್ಕೆ ಉಪ್ಪು ಏರಿ, ಹರಳುಗಟ್ಟಿ, ಇಟ್ಟಿಗೆ ಪದರು ಪದರಾಗಿ ಉದುರುತ್ತದೆ. ಕಲ್ಲೇ ಅಲ್ಲಿಗೆ ತಕ್ಕುದು. ನೀರನ್ನು ಗೋಡೆಯ ಬುಡದಲ್ಲಿ ಇಂಗಿಸದೆ, ದೂರದ ಹಿತ್ತಲ ಗಿಡಗಳಿಗೆ ಹರಿಸುವುದು ಲೇಸು.

ಕೆಲಸದ ಕ್ರಮ

ಬಿರುಬೇಸಗೆ ಕಳೆದು, ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಯಬೇಕು. ಹಾದಿಯ ಗುರುತು ಹಾಕಿ ಮಸಾರಿ ನೆಲದಲ್ಲಿ ಎಂಟು ಅಂಗುಲ, ಎರೆ ನೆಲದಲ್ಲಿ ಒಂದು ಅಡಿ ಅಗೆಯಬೇಕು. ತೆಗೆದ ಮೇಲ್ಮಣ್ಣು ಹಿತ್ತಲಿಗೆ ಹೋಗಲಿ. ಗುಂಡಿಯಲ್ಲಿ ಗರಸನ್ನು ಮೂರು ಮೂರು ಅಂಗುಲದ ಪದರಾಗಿ ಹರಡಿ, ನೀರು ಚಿಮುಕಿಸಿ, ಪ್ರತಿ ಪದರನ್ನೂ ದಿಮ್ಮಸಿನಿಂದ ಬಡಿಯಬೇಕು. ಒಮ್ಮೆಲೇ ಒಂದು ಅಡಿ ತುಂಬಿ ಮೇಲೆ ಮಾತ್ರ ಬಡಿದರೆ ಕೆಳಗಿನದು ಸಡಿಲವಾಗಿಯೇ ಉಳಿದು ಮುಂದೆ ಕುಸಿಯುತ್ತದೆ. ಗರಸಿನ ಮೇಲೆ ಒಂದು ಅಂಗುಲ ಉಸುಕು ಅಥವಾ ಕ್ರಷರಿನ ಕಲ್ಲುಪುಡಿ. ಹೊಳೆಯ ಉಸುಕಿನ ಮೇಲೆ ಈಗಾಗಲೇ ಬಿದ್ದಿರುವ ಹೊರೆಯನ್ನು ನೆನೆದರೆ ಕಲ್ಲುಪುಡಿಯೇ ಮೇಲು.

ಇಕ್ಕೆಲದ ಅಂಚಿಗೆ ಉದ್ದ ಕಲ್ಲುಗಳನ್ನು ನಿಲ್ಲಿಸಿ ಹೂಳಬೇಕು. ಇಲ್ಲವಾದರೆ ನಡುವಿನ ಕಲ್ಲುಗಳು ಹೊರಕ್ಕೆ ಸರಿಯುತ್ತವೆ. ಹಳೆಯ ಕಲ್ಲಿಗೆ ಮೊದಲ ಸ್ಥಾನ, ಕಡಿಮೆ ಬಿದ್ದರೆ ಮಾತ್ರ ಹೊಸದು. ಶಹಾಬಾದಿ ಫರಸಿ ತರುವುದಾದರೆ ನಯಗೊಳಿಸಿದ್ದು ಬೇಡ. ಒದ್ದೆಯಾದಾಗ ಅದು ಜಾರುತ್ತದೆ. ಒರಟು ಮೈ ಮೇಲೆ ಬರಲಿ. ಕಲ್ಲು ಕಲ್ಲಿನ ನಡುವೆ ಅರ್ಧ ಅಂಗುಲ ಸಂದು ಬಿಟ್ಟು ಕಲ್ಲುಪುಡಿ ತುಂಬಬೇಕು, ಸಿಮೆಂಟು ಬಳಿಯಬಾರದು. ಹಾದಿಗೆ ಅಡ್ಡಲಾಗಿ ನಾಲ್ಕು ಅಡಿಗೆ ಒಂದು ಅಂಗುಲದಂತೆ, ಗೋಡೆಗೆ ದೂರವಾಗಿ, ಇಳಿಜಾರು ಕೊಡಬೇಕು. ಇಳಿದ ನೀರು ತುಳಸಿಕಟ್ಟೆಯ ಬಳಿಯ ಹೂಗಿಡಗಳಿಗೋ, ಕರಿಬೇವಿನ ಬುಡಕ್ಕೋ ಸೇರಲಿ. ಅಂಗಳದಲ್ಲಿ ಬೇವಿನ ಮರವಿದ್ದರೆ ಅದರ ಸುತ್ತ ಮೂರು ಅಡಿಯಾದರೂ ಬರಿ ನೆಲ ಉಳಿಯಬೇಕು. ಪೇವರ್ ಬ್ಲಾಕನ್ನೇ ಬಯಸುವವರು ಅದನ್ನೂ ಕಾಂಕ್ರೀಟಿನ ಮೇಲಲ್ಲದೆ, ಇದೇ ಬಗೆಯ ಗರಸಿನ ಹಾಸಿನ ಮೇಲೆ ಕೂರಿಸಬಹುದು.

ಅದೇ ಹಾದಿಗೆ ನಾಲ್ಕು ಅಂಗುಲ ದಪ್ಪ ಕಾಂಕ್ರೀಟ್ ಹಾಕಲು ಸುಮಾರು 5 ಚೀಲ, ಎಂದರೆ 250 ಕಿಲೋ ಸಿಮೆಂಟು ಬೇಕು. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಕಲ್ಲಿನಿಂದಲೂ ಇಂಧನದಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಅಂಗಳವನ್ನೆಲ್ಲ ಮುಚ್ಚಿದರೆ ಈ ಸಿಮೆಂಟಿನ ಲೆಕ್ಕ ಏಳೂವರೆ ಪಟ್ಟು ಏರುತ್ತದೆ.

ಇದೇ ಕ್ರಮವನ್ನು ಮಲೆನಾಡಿಗೆ ಹಾಗೆಯೇ ತರಲಾಗದು. ಮಲೆಯ ಜಡಿಮಳೆಗೆ ಸಂದಿನ ಪುಡಿ ತೊಳೆದುಹೋಗುತ್ತದೆ. ಅಲ್ಲಿ ಕಲ್ಲು ದೊಡ್ಡದಾಗಿರಬೇಕು, ಹಾಸಿನ ಅಡಿಯಲ್ಲಿ ದಪ್ಪ ಜಲ್ಲಿ ಇರಬೇಕು, ಪಕ್ಕದಲ್ಲಿ ಚರಂಡಿ ತೆರೆದಿರಬೇಕು. ದರೆಯ ಅಂಚಿನ ಮನೆಗಳಲ್ಲಿ ಅಂಗಳದ ನೀರನ್ನು ದರೆಯೊಳಕ್ಕೆ ಇಂಗಿಸುವುದು ಅಪಾಯಕರ.

ಅಂಗಳದ ಇಂಗಿನಿಂದ ಆಗದುದನ್ನೂ ಹೇಳಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು. ಮಲೆಯ ಮಹಾಮಳೆಯಿಂದಲೂ ಜಲಾಶಯದ ಹೊರಹರಿವಿನಿಂದಲೂ ಬರುವ ಅಂತಹ ನೆರೆಯನ್ನು ಮನೆಯಂಗಳಗಳು ತಡೆಯಲಾರವು. ಓಣಿಯ ಗಟಾರು ಉಕ್ಕುವುದನ್ನು ತಗ್ಗಿಸುವುದು, ಬೇವಿನ ಬೇರಿಗೂ ಹಿತ್ತಲಿಗೂ ತೇವ ಉಳಿಸುವುದು, ಮಸಾರಿ ನೆಲದಲ್ಲಿ ಬಾವಿಗೆ ಅಷ್ಟಿಷ್ಟು ನೀರು ಕೊಡುವುದು, ಇವು ಅಂಗಳದ ಅಳವಿಗೆ ಸಿಕ್ಕುವ ಕೆಲಸಗಳು.

ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬಹುದು. ಎರಡೂ ಬದಿ ತೆರೆದ ಡಬ್ಬಿಯೊಂದನ್ನು ಎರಡು ಅಂಗುಲ ನೆಲಕ್ಕೆ ಒತ್ತಿ, ಅದರಲ್ಲಿ ನೀರು ತುಂಬಿ, ನೀರು ಒಂದು ಅಂಗುಲ ಇಳಿಯಲು ಹಿಡಿದ ಸಮಯವನ್ನು ಬರೆದಿಡಬೇಕು. ಬರಿ ಅಂಗಳದಲ್ಲಿ, ಗಿಡದ ಬುಡದಲ್ಲಿ, ಎತ್ತಿನ ಗಾಡಿ ಓಡಾಡಿದ ನೆಲದಲ್ಲಿ ಇದನ್ನು ಮಾಡಿ ಹೋಲಿಸಿದರೆ ನೀರಿಗೆ ಎಲ್ಲಿ ಜಾಗ ಬಿಡಬೇಕೆಂಬುದು ತಿಳಿಯುತ್ತದೆ. ಹೊಸ ಹಾದಿಯ ಪರೀಕ್ಷೆ ಇನ್ನೂ ಸರಳ. ಹೊಸ್ತಿಲ ಬಳಿ ಒಂದು ಕೊಡ ನೀರು ಸುರಿದು ನೋಡಬೇಕು. ನೀರು ಗೋಡೆಯ ಕಡೆ ತಿರುಗದೆ, ಕಲ್ಲಿನ ಮೇಲೆ ನಿಲ್ಲದೆ, ಒಂದಷ್ಟು ಸಂದಿಗೆ ಇಳಿದು ಉಳಿದದ್ದು ಗಿಡದ ಬುಡ ಸೇರಿದರೆ ಗವಂಡಿಗೆ ಕೂಲಿ ಕೊಟ್ಟು ಕಳುಹಿಸಬಹುದು. ಹಾಗಾಗದಿದ್ದರೆ ತಪ್ಪಿದ ಕಲ್ಲನ್ನು ಅಂದೇ ಎತ್ತಿ ಕೂರಿಸಬೇಕು.