ಸ್ವಾಮಿ ರಮಾನಂದ ತೀರ್ಥರಿಗೆ ನಮ್ಮ ಕಾಣಿಕೆ

(ನಾಸಿಕದಲ್ಲಿ ಕೂಡಿದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿಪಾಳಿ ಮುಗಿಸಿ, ಕಣ್ಣು ತಿಕ್ಕಿಕೊಳ್ಳುತ್ತಲೇ ಛತ್ರಪತಿ ಸಂಭಾಜಿನಗರದಿಂದ ಬಸ್ಸು ಹತ್ತಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ.

2028ರ ಅಕ್ಟೋಬರ್ 3ಕ್ಕೆ ಸ್ವಾಮಿ ರಮಾನಂದ ತೀರ್ಥರು ಹುಟ್ಟಿ 125 ವರ್ಷ ತುಂಬುತ್ತದೆ. ಅವರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಆ ದಿನಕ್ಕೆ ನಾವೇನು ಸಿದ್ಧ ಮಾಡಬೇಕು ಎಂಬುದೇ ಇಂದಿನ ಮಾತು.

ಸ್ವಾಮೀಜಿ ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾವಿ ಉಡುವ ಮೊದಲು ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರ ಜೊತೆ ದುಡಿದರು. 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿ ಜೋಶಿಯವರೂ ಒಬ್ಬರು. ಹಾಗಾಗಿ ಸ್ವಾಮೀಜಿ ಸಂನ್ಯಾಸಿಯಾಗುವ ಮೊದಲೇ ನಮ್ಮವರಾಗಿದ್ದರು!

ಆಮೇಲೆ ಮರಾಠವಾಡಾದಲ್ಲಿ ಮೇಷ್ಟರಾದರು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ತಲೆಯೆತ್ತುವ ಮೊದಲೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿತು. ಸ್ವಾಮೀಜಿ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. 1947-48ರಲ್ಲಿ ಮತ್ತೆ ಸೆರೆವಾಸ. ತೆಲುಗರು, ಮರಾಠಿಗರು, ಕನ್ನಡಿಗರು ಒಂದೇ ಬಾವುಟದಡಿ ನಿಂತದ್ದರಿಂದಲೇ ಆ ಹೋರಾಟಕ್ಕೆ ಬಲ ಬಂತು. ಇಂದಿಗೂ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲೂ ಸಂಭಾಜಿನಗರದಲ್ಲೂ ಬಿಡುಗಡೆಯ ಬಾವುಟ ಏರುತ್ತದೆ.

ಇನ್ನೊಂದು ಸಂಗತಿ ಕೇಳಿ. 1952ರಲ್ಲಿ ಗುಲ್ಬರ್ಗದ ಜನ ಅವರನ್ನು ಲೋಕಸಭೆಗೆ ಆರಿಸಿದರು. 1957ರಲ್ಲಿ ಆಗಿನ ಔರಂಗಾಬಾದಿನ ಜನ ಆರಿಸಿದರು. ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ವಿಂಗಡಿಸಬೇಕೆಂದು ವಾದಿಸಿದವರಲ್ಲಿ ಅವರೇ ಪ್ರಮುಖರು. 1956ರಲ್ಲಿ ಅದು ಆಯಿತು. ಆದರೂ ಭಾಷೆಯನ್ನು ಜನರ ನಡುವಿನ ಗೋಡೆ ಮಾಡಲಿಲ್ಲ.

ನಮ್ಮ ಹೋಟೆಲುಗಳನ್ನು ನೋಡಿ. ದೋಸೆಕಲ್ಲಿನ ಮುಂದೆ ಕುಂದಾಪುರದ ಹುಡುಗ, ಪಾತ್ರೆ ತೊಳೆಯಲು ಬೀಡಿನ ಹೆಂಗಸು, ಮೇಜು ಒರೆಸಲು ಬಿಹಾರದ ಪೋರ. ಗಲ್ಲಾದ ಮೇಲಿನ ಧಣಿ ಕುಂದಾಪುರದವನಿಗೆ ಹೇಳುವುದು: "ನೀನು ನಮ್ಮೂರವನಪ್ಪ, ನಿನಗ್ಯಾಕೆ ಸಂಘ?" ಉಳಿದಿಬ್ಬರಿಗೆ ಹೇಳುವುದು: "ಅದು ಕಾನಡಿಗಳ ಸಂಘ." ಹಾಜರಿ ಪುಸ್ತಕದಲ್ಲಿ ಮೂವರ ಹೆಸರೂ ಇಲ್ಲ. ಇಪ್ಪತ್ತು ಜನ ದುಡಿಯುವ ಕಡೆ ಪ್ರಾವಿಡೆಂಟ್ ಫಂಡ್ ಕಟ್ಟಬೇಕೆಂಬುದು ಕಾನೂನು. ಹೆಸರೇ ಇಲ್ಲದಿದ್ದರೆ ಇಪ್ಪತ್ತರ ಲೆಕ್ಕ ಎಲ್ಲಿಂದ ಬರಬೇಕು? ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲೂ ಇದೇ ಕಥೆ.

ಆದ್ದರಿಂದ ಎರಡು ಸೂಚನೆಗಳನ್ನು ಸಭೆಯ ಮುಂದಿಡುತ್ತೇವೆ. ಒಂದು, ಒಂದೇ ಒಲೆಯ ಮುಂದೆ, ಒಂದೇ ಯಂತ್ರದ ಮುಂದೆ ದುಡಿಯುವ ಯಾವ ಭಾಷೆಯವರಿಗೂ ಸದಸ್ಯತ್ವ ಕೊಡಬೇಕು. ಎರಡು, ವಾರಕ್ಕೆರಡು ರಾತ್ರಿ ಮರಾಠಿ ಓದು ಕಲಿಸುವ ತರಗತಿ ನಡೆಸಬೇಕು. ಓದಲು ಬಾರದ ಕಾಗದಕ್ಕೆ ನಮ್ಮವರು ಇನ್ನು ಹೆಬ್ಬೆಟ್ಟು ಒತ್ತಬಾರದು. ಮನೆಯಲ್ಲಿ ಕನ್ನಡ ಇರಲಿ, ಸಂಘದ ಫಲಕದಲ್ಲೂ ಇರಲಿ. ಅದಕ್ಕೇನೂ ಊನವಾಗದು.

ಪಟಕ್ಕೆ ಹಾರ ಹಾಕುವುದು ಸುಲಭ, ಸಂಜೆಗೆ ಬಾಡುತ್ತದೆ. ನಮ್ಮ ಸದಸ್ಯರ ಪಟ್ಟಿಯಲ್ಲಿ ಮೂರು ಭಾಷೆಯ ಹೆಸರುಗಳು ಕೂಡಿದರೆ ಅದೇ ಸ್ವಾಮೀಜಿಗೆ ನಿಜವಾದ ಕಾಣಿಕೆ. ಒಪ್ಪುವವರು ಕೈಯೆತ್ತಿ.