ನೀಲಿಯ ಕನ್ನಡಿ
(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಕಲೆಯಿಂದ ಸಮಾಜ ಬದಲಾದೀತೇ? ಬಂಗಾಳದ ಒಂದು ನಾಟಕದ ಕಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಅಲ್ಲಿನ ರೈತರಿಗೆ ಬಿಳಿಯ ಧಣಿಗಳು ಮುಂಗಡ ಕೊಟ್ಟು, ಬತ್ತ ಬೆಳೆಯುವ ನೆಲದಲ್ಲಿ ನೀಲಿ ಬೆಳೆಸುತ್ತಿದ್ದರು. ಬೆಲೆ ಕಟ್ಟುವವನೂ ಧಣಿ, ಲೆಕ್ಕ ಬರೆಯುವವನೂ ಧಣಿ. ಎಷ್ಟು ದುಡಿದರೂ ಮುಂಗಡ ತೀರದು. ಅಪ್ಪನ ಸಾಲ ಮಗನ ತಲೆಗೆ. ಒಪ್ಪದವನಿಗೆ ಲಾಠಿಯ ಏಟು. 1859ರಲ್ಲಿ ನದಿಯಾ, ಜೆಸ್ಸೋರ್ ಕಡೆಯ ರೈತರು 'ನೀಲಿ ಬಿತ್ತುವುದಿಲ್ಲ' ಎಂದು ಎದ್ದು ನಿಂತರು.

1860ರಲ್ಲಿ ಅಂಚೆ ಇಲಾಖೆಯ ನೌಕರ ದೀನಬಂಧು ಮಿತ್ರರು ಈ ಗೋಳನ್ನೇ 'ನೀಲದರ್ಪಣ' ಎಂಬ ನಾಟಕವಾಗಿ ಬರೆದು, ತಮ್ಮ ಹೆಸರು ಹಾಕದೆ ಢಾಕಾದಲ್ಲಿ ಅಚ್ಚು ಹಾಕಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಪಾದ್ರಿ ಜೇಮ್ಸ್ ಲಾಂಗರಿಗೆ 1861ರಲ್ಲಿ ಒಂದು ತಿಂಗಳ ಸೆರೆ, 1000 ರೂಪಾಯಿ ದಂಡ. ಆ ದಂಡ ತೆತ್ತವರು ಕಾಳೀಪ್ರಸನ್ನ ಸಿಂಹರು. 1872ರಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಇದೇ ನಾಟಕದಿಂದ ತನ್ನ ಪ್ರದರ್ಶನಗಳನ್ನು ಆರಂಭಿಸಿತು. 1876ರಲ್ಲಿ ನಾಟಕಗಳ ಬಾಯಿ ಕಟ್ಟಲು ಸರ್ಕಾರ ಒಂದು ಶಾಸನವನ್ನೇ ತಂದಿತು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾಗುವ ತನಕ ಅದು ಶಾಸನಗಳ ಪುಸ್ತಕದಲ್ಲಿ ಉಳಿದಿತ್ತು. ಬಣ್ಣ ಹಚ್ಚಿದವರನ್ನು ಕಂಡು ಆಳುವವರು ಸುಮ್ಮನೆ ಹೆದರುತ್ತಾರೆಯೇ?

ಆದರೆ ಒಂದು ಮಾತನ್ನು ಮರೆಯಬಾರದು. ರೈತರು ಎದ್ದದ್ದು ಮೊದಲು. ನಾಟಕ ಹುಟ್ಟಿದ್ದು ಆಮೇಲೆ. ನಾಟಕ ಹೋರಾಟವನ್ನು ಹುಟ್ಟಿಸಲಿಲ್ಲ. ಹಳ್ಳಿಯ ಗೋಳನ್ನು ಪಟ್ಟಣದ ಓದುಬಲ್ಲವರ ಮನೆಬಾಗಿಲಿಗೆ ಒಯ್ದಿತು. 'ನಮಗೆ ಗೊತ್ತಿರಲಿಲ್ಲ' ಎಂಬ ನೆಪವನ್ನು ಅವರಿಂದ ಕಿತ್ತುಕೊಂಡಿತು. ಕಲೆಯ ಶಕ್ತಿ ಇದು. ಸಂಘಟನೆಯ ಕೆಲಸವನ್ನು ಕಲೆ ಮಾಡಲಾರದು. ಕಲೆಯ ಕೆಲಸವನ್ನು ನಮ್ಮ ಕರಪತ್ರಗಳೂ ಮಾಡಲಾರವು.

ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾವು ಮಕ್ಕಳಿಂದ ರಾಜಮಹಾರಾಜರ ನಾಟಕ ಆಡಿಸಿದೆವು. ಅದೇ ಮಕ್ಕಳಲ್ಲಿ ಕೆಲವರು ತಂದೆತಾಯಿಯ ಜೊತೆ ಕಬ್ಬು ಕಡಿಯಲು ಹೋಗಿ, ತಿಂಗಳುಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಅವರ ಮನೆಯವರೂ ಮುಂಗಡ ಪಡೆದವರೇ. ಜೀತವನ್ನು ನಿಷೇಧಿಸಿದ ಕಾನೂನು 1976ರಲ್ಲಿಯೇ ಬಂದಿದೆ. ಮುಂಗಡದ ಹಗ್ಗ ಮಾತ್ರ ಕಬ್ಬಿನ ಗದ್ದೆಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಇನ್ನೂ ಬಿಗಿಯುತ್ತಲೇ ಇದೆ. ಆ ಕಥೆಯನ್ನು ನಾವು ಒಮ್ಮೆಯೂ ರಂಗದ ಮೇಲೆ ತರಲಿಲ್ಲ. ತಪ್ಪು ನಮ್ಮದೇ.

ಆದ್ದರಿಂದ ಈ ಶಿಬಿರದಿಂದ ಊರಿಗೆ ಮರಳಿದ ಮೇಲೆ ಮೊದಲು ಅವರ ಹಟ್ಟಿಗೆ ಹೋಗೋಣ. ಅವರ ಲೆಕ್ಕ ಕೇಳೋಣ, ಅವರ ಹಾಡೂ ಕೇಳೋಣ. ಮುಂದಿನ ಜಾತ್ರೆಯಲ್ಲಿ ಅವರೇ ಬಣ್ಣ ಹಚ್ಚಲಿ. ನಾವು ಕಂದೀಲು ಹಿಡಿದು ನಿಲ್ಲೋಣ. ಮರುದಿನ ಅದೇ ರಂಗದ ಮೇಲೆ ಅವರ ಸಂಘದ ಸಭೆ ಸೇರಲಿ.