ಮೊದಲು ಉರಿ ಆರಲಿ, ಆಮೇಲೆ ಕಸಿ





ಕೂದಲು ಕಸಿ ಎಂದೊಡನೆ ಜನರಿಗೆ ನೆನಪಾಗುವುದು ಜಾಹೀರಾತಿನ ‘ಮೊದಲು–ನಂತರ’ ಚಿತ್ರಗಳು. ಆದರೆ ಈ ವಿದ್ಯೆ ಹುಟ್ಟಿದ್ದು ಬರೀ ಚೆಂದಕ್ಕಾಗಿ ಅಲ್ಲ. 1939ರಲ್ಲಿ ಜಪಾನಿನ ಶೋಜಿ ಒಕುಡಾ ಸಣ್ಣ ಪಂಚ್‌ಗಳಿಂದ ಕೂದಲಿರುವ ಚರ್ಮದ ತುಣುಕುಗಳನ್ನು ತೆಗೆದು, ಕಲೆಗಟ್ಟಿ ಬೋಳಾದ ಜಾಗಗಳಿಗೆ ನೆಟ್ಟ ವಿಧಾನವನ್ನು ಪ್ರಕಟಿಸಿದರು. ಯುದ್ಧದ ಗದ್ದಲದಲ್ಲಿ ಅದು ಪಶ್ಚಿಮದ ವೈದ್ಯರ ಗಮನಕ್ಕೆ ಬರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1959ರಲ್ಲಿ, ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಚ್ ಅವರ ಲೇಖನ ಬಂತು. ಹಿಂದಲೆಯಿಂದ ತಂದ ಕೂದಲು ಎಲ್ಲಿ ನೆಟ್ಟರೂ ತನ್ನ ಮೂಲಗುಣ ಬಿಡುವುದಿಲ್ಲ ಎಂದು ಅವರು ತೋರಿಸಿದರು. ಗಂಡಸರ ಬೋಳುತಲೆಯ ಕಸಿ ಇಂದಿಗೂ ನಿಂತಿರುವುದು ಆ ಸೂತ್ರದ ಮೇಲೆ.

ಕಲೆಗಟ್ಟುವ ಬೋಳಿನಲ್ಲಿ ಆ ಸೂತ್ರವೊಂದನ್ನೇ ನಂಬಿದರೆ ಕೆಡುತ್ತೇವೆ. ಇಂದು ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ.

ಅಂಥ ಬೋಳಿನಲ್ಲಿ ಎರಡು ಬಗೆ. ಸುಟ್ಟಗಾಯ, ಆ್ಯಸಿಡ್ ದಾಳಿ, ಅಪಘಾತ, ಮಕ್ಕಳ ತಲೆಯಲ್ಲಿ ಕೀವುಗಟ್ಟಿದ ಹುಳುಕಡ್ಡಿ — ಇವು ಬಿಟ್ಟುಹೋದ ಕಲೆಯಲ್ಲಿ ರೋಗ ಮುಗಿದಿರುತ್ತದೆ. ಅಲ್ಲಿ ತೊಡಕು ನೆಲದ್ದು: ಚರ್ಮ ಗಡುಸಾಗಿರುತ್ತದೆ, ರಕ್ತಸಂಚಾರ ಕಡಿಮೆ ಇರುತ್ತದೆ. ಕಲೆ ಪಕ್ವವಾಗುವವರೆಗೆ ಕಾದು, ಗ್ರಾಫ್ಟುಗಳನ್ನು ವಿರಳವಾಗಿ ನೆಟ್ಟು, ಬೇಕಾದರೆ ಎರಡನೇ ಸಲ ತುಂಬಿದರೆ ಒಳ್ಳೆಯ ಫಲ ಸಿಗುತ್ತದೆ.

ಲೈಕೆನ್ ಪ್ಲಾನೋಪೈಲಾರಿಸ್, ಡಿಸ್ಕಾಯ್ಡ್ ಲೂಪಸ್‌ನಂಥ ರೋಗಗಳ ಕಥೆ ಬೇರೆ. ಅಲ್ಲಿ ದೇಹದ ರೋಗನಿರೋಧಕ ಕೋಶಗಳೇ ಕೂದಲ ಬುಡದ ಆಕರಕೋಶಗಳ ಮೇಲೆ ಬೀಳುತ್ತವೆ. ಹೊರಗೆ ನುಣುಪಾದ ಚರ್ಮ, ಒಳಗೆ ಬೂದಿ ಮುಚ್ಚಿದ ಕೆಂಡ. ಹಿಂದಲೆಯ ಕೂದಲಿಗೂ ಅಲ್ಲಿ ರಕ್ಷಣೆಯಿಲ್ಲ. ಹಣೆಯಂಚಿನ ಕೂದಲು ಹಿಂದೆ ಸರಿಯುತ್ತ ಹೋಗುವ ಫ್ರಂಟಲ್ ಫೈಬ್ರೋಸಿಂಗ್ ಅಲೊಪೇಷಿಯಾವನ್ನು ನೋಡಿ. 1994ರಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಕೊಸಾರ್ಡ್ ಮುಟ್ಟು ನಿಂತ ಮಹಿಳೆಯರಲ್ಲಿ ಗುರುತಿಸಿದ ರೋಗವಿದು. ಇಲ್ಲಿ ಕಸಿ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ. ವರ್ಷಗಳು ಉರುಳಿದಂತೆ ನೆಟ್ಟ ಕೂದಲೂ ಉದುರತೊಡಗುತ್ತದೆ. ಮೊದಲ ವರ್ಷದ ಫೋಟೋ ತೋರಿಸಿ ಗೆದ್ದೆವು ಎನ್ನುವುದು ರೋಗಿಗೆ ಮಾಡುವ ಮೋಸ.

ಆದ್ದರಿಂದ ಡರ್ಮೋಸ್ಕೋಪ್‌ನಲ್ಲಿ ನೋಡದೆ, ಅನುಮಾನವಿದ್ದಲ್ಲಿ ಬಯಾಪ್ಸಿ ಮಾಡದೆ ಕಸಿಗೆ ಕೈಹಾಕಬಾರದು. ರೋಗ ಕನಿಷ್ಠ ಒಂದೆರಡು ವರ್ಷ ತಣ್ಣಗಿರಬೇಕು. ಮೊದಲು ಸಣ್ಣ ಜಾಗದಲ್ಲಿ ನೆಟ್ಟು ನೋಡಬೇಕು. ಕಸಿಯಾದ ಮೇಲೂ ಔಷಧಿ, ತಪಾಸಣೆ ನಿಲ್ಲಬಾರದು. ‘ಡಾಕ್ಟ್ರೇ, ಇನ್ನೂ ಎಷ್ಟು ದಿನ ಕಾಯೋದು?’ ಎಂದು ಕೇಳುವವರನ್ನು ಕೂರಿಸಿ, ರೋಗ ಮರಳಬಹುದೆಂದು ತಿಳಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ. ಅವರು ಕಾಯುವಷ್ಟು ದಿನ ವಿಗ್, ಹುಬ್ಬಿನ ಹಚ್ಚೆಯಂಥ ದಾರಿಗಳನ್ನು ನಾವೇ ಸಂಕೋಚವಿಲ್ಲದೆ ಸೂಚಿಸಬೇಕು.

ಇನ್ನೆರಡು ಮಾತು. ವರ್ಕ್‌ಶಾಪ್‌ನಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ಕಸಿಗೆ ಸಾಕಾಗುವ ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟಪಡಿಸಿದೆ. ಆ ಎಚ್ಚರ ಬೀದಿಬೀದಿಯ ಕ್ಲಿನಿಕ್ಕುಗಳಿಗೆ ಮುಟ್ಟಬೇಕು. ರೋಗದ ಗುರುತೇ ಸಿಗದವರ ಕೈಯಲ್ಲಿ ಪಂಚ್ ಇರಬಾರದು. ಇನ್ನು, ಆ್ಯಸಿಡ್ ದಾಳಿಗೆ ತುತ್ತಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಅಂಥವರ ಹುಬ್ಬು, ತಲೆಯಂಚು ಮರಳಿ ಕಟ್ಟುವ ಕೆಲಸಕ್ಕೆ ಸೌಂದರ್ಯ ಚಿಕಿತ್ಸೆಯ ಹಣೆಪಟ್ಟಿ ಹಚ್ಚದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ದೊರೆಯುವಂತೆ ಚರ್ಮವೈದ್ಯರ ಈ ಸಮ್ಮೇಳನ ಒತ್ತಾಯಿಸಲಿ.

ಮುಂದಿನ ಗೋಷ್ಠಿಗಳಲ್ಲಿ ಗೆದ್ದ ಕಸಿಗಳ ಜೊತೆಗೆ ಐದು ವರ್ಷದ ಬಳಿಕ ಸೋತ ಕಸಿಗಳನ್ನೂ ಮುಚ್ಚುಮರೆಯಿಲ್ಲದೆ ಮಂಡಿಸಿ. ಕಿರಿಯರು ಅವುಗಳಿಂದಲೇ ಹೆಚ್ಚು ಕಲಿಯುತ್ತಾರೆ.